ಪದ್ಮಿನಿಯ ಕೀಲುನೋವು

ಮಳೆಗಾಲ ಹಿಡಿಯಿತೆಂದರೆ ಬೇಲಾಪುರದ ನಮ್ಮ ಮನೆಯಲ್ಲಿ ಕೀಲುನೋವಿನಿಂದ ನರಳುವವರು ಇಬ್ಬರು. ಒಬ್ಬರು ನಮ್ಮ ತಾಯಿಯವರು; ಇನ್ನೊಬ್ಬಳು 1978ನೆಯ ಇಸವಿಯ ಪ್ರೀಮಿಯರ್ ಪದ್ಮಿನಿ. ತಂದೆಯವರು ಮೊದಲೇ ಹಣ ಕಟ್ಟಿ, ವರ್ಷಗಟ್ಟಲೆ ಸರದಿ ಕಾದು ಪಡೆದ ಗಾಡಿ ಅದು. ಕುರ್ಲಾದ ಕಾರ್ಖಾನೆಯಲ್ಲಿ ಹುಟ್ಟಿದ ಅವಳ ಒಡಹುಟ್ಟಿದವರೇ ಒಂದು ಕಾಲಕ್ಕೆ ಮುಂಬಯಿಯ ಟ್ಯಾಕ್ಸಿಗಳು. ಅವುಗಳಲ್ಲಿ ಕೊನೆಯದು ನೋಂದಣಿಯಾದುದು 2003ರ ಅಕ್ಟೋಬರ್ 29ರಂದು. 20 ವರ್ಷದ ಮಿತಿ ಮುಗಿದು 2023ರಲ್ಲಿ ಅದೂ ನಿವೃತ್ತವಾಯಿತು. ಮನೆಯ ಗಾಡಿಗೆ ಹಾಗಲ್ಲ. 5 ವರ್ಷಕ್ಕೊಮ್ಮೆ ತಪಾಸಣೆಯಲ್ಲಿ ತೇರ್ಗಡೆಯಾದರೆ ಬದುಕು, ಇಲ್ಲವಾದರೆ ಗುಜರಿ.

ಹೋದ ವರ್ಷ ಹಿಂಬದಿಯಿಂದ 'ಟಕ್ ಟಕ್' ಸದ್ದು ಕೇಳಿಸತೊಡಗಿತು. ಹಿಂದಿನ ಎಲೆ-ಸ್ಪ್ರಿಂಗುಗಳ ತುದಿಯ ಕಣ್ಣಿನಲ್ಲಿರುವ ರಬ್ಬರ್ ಬುಶ್ಶು ಸವೆದಿತ್ತು. ಬಿಡಿಭಾಗ ತಂದೆ, ಗಾಡಿ ಎತ್ತಿಸಿದೆ, ಹಳೆಯದನ್ನು ಗರಗಸದಿಂದ ಸೀಳಿ ತೆಗೆದೆ, ಉದ್ದದ ಬೋಲ್ಟಿಗೆ ಬಿಲ್ಲೆಗಳನ್ನು ತೊಡಿಸಿ ಹೊಸದನ್ನು ಎಳೆದು ಕೂಡಿಸಿದೆ. ಮೈಯಲ್ಲಿರುವ ಬಲವನ್ನೆಲ್ಲ ಹಾಕಿ ಬಿಗಿದೆ. ನಾಲ್ಕೇ ತಿಂಗಳು! ಮತ್ತೆ ಅದೇ ಸದ್ದು. ಬಿಚ್ಚಿದರೆ ಹೊಸ ರಬ್ಬರು ಹರಿದ ಚಪ್ಪಲಿಯಂತಾಗಿತ್ತು. ತಪಾಸಣೆಗೆ ಉಳಿದದ್ದು ಒಂದು ತಿಂಗಳು. "ಕೊಟ್ಟುಬಿಡಿ" ಎಂದಳು ನನ್ನಾಕೆ. ತಾಯಿಯವರು ಏನೂ ಹೇಳಲಿಲ್ಲ. ಅದೇ ಹೆಚ್ಚು ಚುಚ್ಚಿತು.

ಟ್ಯಾಕ್ಸಿಗಳ ಕೆಲಸದಲ್ಲೇ ಮುದುಕನಾದ ಮೇಸ್ತ್ರಿಯೊಬ್ಬ ಹರಿದ ತುಂಡನ್ನು ನೋಡಿ, "ಬಿಗಿಯುವಾಗ ಗಾಡಿ ಎಲ್ಲಿತ್ತು, ಸಾಹೇಬರೆ?" ಎಂದು ಕೇಳಿದ. "ಜಾಕಿನ ಮೇಲೆ" ಎಂದೆ. ಆತ ನಕ್ಕ.

ಸಂಗತಿ ಇಷ್ಟೆ. ಬುಶ್ಶಿನ ಒಳಗೊಂದು ಲೋಹದ ಕೊಳವೆ, ಹೊರಗೊಂದು ಬಳೆ, ನಡುವೆ ಎರಡಕ್ಕೂ ಕಚ್ಚಿಕೊಂಡ ರಬ್ಬರು. ಬೋಲ್ಟು ಬಿಗಿದೊಡನೆ ಕೊಳವೆ ಗಾಡಿಯ ಮೈಗೆ ಕಟ್ಟುಬೀಳುತ್ತದೆ. ಅದು ಬಾಗಿಲಿನ ತಿರುಗಣಿಯಂತೆ ಜಾರಿ ತಿರುಗುವುದಿಲ್ಲ. ಸ್ಪ್ರಿಂಗು ಆಡಿದಂತೆಲ್ಲ ರಬ್ಬರೇ ತಿರುಚಿಕೊಂಡು ಮತ್ತೆ ಮರಳಬೇಕು. ಚಕ್ರ ಜೋತುಬಿದ್ದಿರುವಾಗ ಬಿಗಿದರೆ ಆ ಜೋತ ಸ್ಥಿತಿಯೇ ಅದರ ವಿಶ್ರಾಂತಿ. ಗಾಡಿ ನೆಲಕ್ಕಿಳಿದ ಗಳಿಗೆಯಿಂದಲೇ ಅದಕ್ಕೆ ತಿರುಚು, ನಿಂತಲ್ಲಿಯೂ ಬಿಡುವಿಲ್ಲ. ಅದರ ಮೇಲೆ ನಮ್ಮ ಮಳೆಗಾಲದ ಹೊಂಡಗಳು!

ಎರಡನೆಯ ಸಲ ಸಾಬೂನು ನೀರು ಸವರಿ ಕೂಡಿಸಿದೆವು. ಮೊದಲ ಸಲ ನಾನು ಬಳಿದಿದ್ದ ಗ್ರೀಸು ರಬ್ಬರಿಗೆ ವೈರಿಯಂತೆ, ಉಬ್ಬಿಸಿ ಮೆತ್ತಗಾಗಿಸುತ್ತದೆ. ಪಾಲಿಯುರಿಥೇನಿನ ಬುಶ್ಶು ಹೆಚ್ಚು ಬಾಳುತ್ತದೆಂದು ಅಂಗಡಿಯವನು ಹೇಳಿದ್ದ, ಆದರೆ ಅದು ರಸ್ತೆಯ ಕುಲುಕನ್ನು ಒಳಗೆ ಬಿಡುವುದೂ ಹೆಚ್ಚು. ತಾಯಿಯವರ ಬೆನ್ನನ್ನು ನೆನೆದು ರಬ್ಬರಿಗೇ ನಿಂತೆ. ಬೋಲ್ಟುಗಳನ್ನು ಸಡಿಲವಾಗಿಯೇ ಬಿಟ್ಟು, ಗಾಡಿಯ ನಾಲ್ಕು ಚಕ್ರಗಳನ್ನೂ ದಪ್ಪ ಹಲಗೆಗಳ ಮೇಲೆ ಹತ್ತಿಸಿ, ಅಡ್ಡಗಲ್ಲು ಕೊಟ್ಟು, ಹಿಂಬದಿಯನ್ನು ಮೂರು ನಾಲ್ಕು ಬಾರಿ ಒತ್ತಿ ಕುಣಿಸಿದೆವು. ಸ್ಪ್ರಿಂಗು ತನ್ನ ಎತ್ತರಕ್ಕೆ ನಿಂತಿತು. ಆಮೇಲೆ ಬಿಗಿದದ್ದು. ಬರಿಯ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಮಾತ್ರ ಯಾರೂ ನುಸುಳಬೇಡಿರಿ. ಹೋದ ವರ್ಷ ನಾನು ನುಸುಳಿದ್ದೆ, ಮನೆಯಲ್ಲಿ ಹೇಳಿಲ್ಲ.

ತಪಾಸಣೆಯಲ್ಲಿ ತೇರ್ಗಡೆಯಾಯಿತು. ಮುಂದಿನ ಭಾನುವಾರ ತಾಯಿಯವರನ್ನು ಹಿಂದೆ ಕೂಡಿಸಿಕೊಂಡು ಮಾಟುಂಗದ ಮೈಸೂರು ಅಸೋಸಿಯೇಷನ್ನಿಗೆ ಹೊರಟೆವು. ವಾಶಿ ಸೇತುವೆಯ ಜೋಡಣೆಗಳನ್ನು ದಾಟುವಾಗ ನಾನು ಉಸಿರು ಬಿಗಿಹಿಡಿದು ಕಿವಿಗೊಟ್ಟೆ. ಸದ್ದಿಲ್ಲ. ತಾಯಿಯವರು ಮಾತ್ರ, "ನಿಮ್ಮ ತಂದೆ ಇಷ್ಟು ಮೆಲ್ಲಗೆ ಓಡಿಸುತ್ತಿರಲಿಲ್ಲ" ಎಂದರು.