ಜೇಬಿನ ಪ್ಲೇಯರ್‌ನಲ್ಲಿ ಕವಿಗೆ ಜಾಗವಿಲ್ಲವೆ?

1902ರ ನವೆಂಬರ್‌ನಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನ್ ಕಂಪನಿಗಾಗಿ ಹಾಡಿದ ಗೌಹರ್ ಜಾನ್, ಹಾಡು ಮುಗಿಯುತ್ತಿದ್ದಂತೆ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ತಾವೇ ಗಟ್ಟಿಯಾಗಿ ಹೇಳುತ್ತಿದ್ದರು. ಅದು ಜಂಬವಲ್ಲ. ಮುದ್ರಣದ ಮೂಲ ತಟ್ಟೆಗಳು ಜರ್ಮನಿಯ ಹ್ಯಾನೋವರ್‌ಗೆ ಹೋಗಿ ಅಲ್ಲಿ ಅಚ್ಚಾಗಬೇಕಿತ್ತು; ಇದು ಯಾರ ಹಾಡೆಂದು ಅಲ್ಲಿನ ಕೆಲಸಗಾರರಿಗೆ ತಿಳಿಯಲಿ ಎಂಬ ಏರ್ಪಾಡು ಅದು. ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡ ಈ ಗಾಯಕಿಯ ತಟ್ಟೆಗಳಲ್ಲಿ ಹಾಡೂ ಹೆಸರೂ ಒಂದೇ ಗೆರೆಯಲ್ಲಿ ಕೊರೆದು ನಿಂತಿವೆ. ಇಂದಿನ ಜೇಬಿನ ಎಂಪಿ3 ಪ್ಲೇಯರ್‌ನ ಕಥೆ ಬೇರೆ. ನಿಮಿಷಕ್ಕೆ ಸುಮಾರು ಒಂದು ಎಂಬಿ ಎಂದು ಹಿಡಿದರೂ ಅದರ 32 ಜಿಬಿಯ ಉಗುರಗಲದ ಕಾರ್ಡಿನಲ್ಲಿ ಐದೈದು ನಿಮಿಷದ ಆರು ಸಾವಿರ ಹಾಡು ಹಿಡಿಯುತ್ತವೆ. ಅವುಗಳಲ್ಲಿ ಎಷ್ಟೋ ಹಾಡು ತೆರೆಯ ಮೇಲೆ ಬರುವುದು ‘ಟ್ರ್ಯಾಕ್ 01’, ‘ಅನ್‌ನೋನ್ ಆರ್ಟಿಸ್ಟ್’ ಎಂಬ ಅನಾಥ ಹೆಸರಿನಲ್ಲಿ. ಹೆಸರಿದ್ದರೂ ಸಾಲದು ಎನ್ನುವುದೇ ನನ್ನ ವಾದ. ಪ್ಲೇಯರ್ ತಾನಾಗಿ ಕೇಳುವ ಗಾಯಕ, ಆಲ್ಬಂ, ಹಾಡು ಎಂಬ ಮೂರು ಮನೆಗಳಲ್ಲಿ ಕನ್ನಡದ ಹಾಡು ಹಿಡಿಸುವುದಿಲ್ಲ. ಕವಿ, ಸಂಗೀತ ಸಂಯೋಜಕ, ರಾಗ ಇವನ್ನು ಕೇಳುಗನೇ ಕೂತು ಬರೆದುಕೊಳ್ಳಬೇಕು.

ಈ ಮೂರು ಮನೆಗಳ ಹುಟ್ಟು ನೋಡಿದರೆ ತೊಡಕು ಎಲ್ಲಿಯದೆಂದು ತಿಳಿಯುತ್ತದೆ. ಎಂಪಿ3 ಕಡತದೊಳಗೆ ಹಾಡಿನ ವಿವರ ಬರೆದಿಡುವ ಐಡಿ3 ಟ್ಯಾಗನ್ನು 1996ರಲ್ಲಿ ಎರಿಕ್ ಕೆಂಪ್ ರೂಪಿಸಿದಾಗ ಅದಕ್ಕೆ ಇದ್ದದ್ದು ಕಡತದ ತುದಿಯ 128 ಬೈಟ್ ಜಾಗ. ಹಾಡಿನ ಹೆಸರಿಗೆ 30 ಅಕ್ಷರ, ಗಾಯಕರಿಗೆ 30, ಆಲ್ಬಂಗೆ 30, ಇಸವಿಗೆ 4. ಬರೆದವರಿಗೂ ರಾಗ ಹಾಕಿದವರಿಗೂ ಒಂದು ಅಕ್ಷರದ ಜಾಗವೂ ಇಲ್ಲ. ಸಂಗೀತದ ಪ್ರಕಾರವನ್ನು 80ರ ಸಿದ್ಧಪಟ್ಟಿಯಿಂದಲೇ ಆರಿಸಬೇಕು. ಅದರಲ್ಲಿ ಪೋಲ್ಕಾ ಇದೆ, ಹಿಂದುಸ್ತಾನಿಯೂ ಇಲ್ಲ, ಕರ್ನಾಟಕ ಸಂಗೀತವೂ ಇಲ್ಲ. ಭೀಮಸೇನ ಜೋಶಿಯವರನ್ನು ‘ಎಥ್ನಿಕ್’ ಎಂಬ ಗೋಣಿಚೀಲಕ್ಕೆ ತುಂಬಬೇಕಿತ್ತು! 1998ರ ಎರಡನೆಯ ಆವೃತ್ತಿ ಸಂಯೋಜಕರಿಗೂ ಸಾಹಿತ್ಯ ಬರೆದವರಿಗೂ ಬೇರೆ ಬೇರೆ ಮನೆ ಕೊಟ್ಟಿತು. ಆದರೆ ಟ್ಯಾಗಿನಲ್ಲಿ ಜಾಗ ಬಂದ ಮಾತ್ರಕ್ಕೆ ಪ್ಲೇಯರ್‌ನ ಮೆನುವಿಗೆ ಬರಬೇಕೆಂದೇನೂ ಇಲ್ಲ. ಸಂಯೋಜಕರ ಪಟ್ಟಿ ಕೆಲವು ಪ್ಲೇಯರ್‌ಗಳಲ್ಲಿ ಸಿಗುತ್ತದೆ. ಕವಿಯ ಪಟ್ಟಿ ಸಿಗುವುದು ಅಪರೂಪ.

ಸಿನಿಮಾ ಹಾಡಿನಿಂದಲೇ ನೋಡಿ. ‘ರಾಜ್‌ಕುಮಾರ್ ಹಾಡು’ ಎಂದರೆ ಕನ್ನಡಿಗರಿಗೆ ಅರ್ಥವಾಗುತ್ತದೆ, ಪ್ಲೇಯರ್‌ಗೆ ಆಗುವುದಿಲ್ಲ. 1974ರ ‘ಸಂಪತ್ತಿಗೆ ಸವಾಲ್’ವರೆಗೆ ರಾಜ್ ಅವರ ತೆರೆಯ ದನಿ ಬಹುತೇಕ ಪಿ.ಬಿ. ಶ್ರೀನಿವಾಸ್ ಅವರದು. ಗಾಯಕರ ಮನೆಯಲ್ಲಿ ರಾಜ್ ಹೆಸರು ಬರೆದರೆ ಪಿ.ಬಿ.ಎಸ್‌ಗೆ ಅನ್ಯಾಯ, ಬರೆಯದಿದ್ದರೆ ಹುಡುಕಿದಾಗ ಹಾಡು ಸಿಗದು. ನಟನ ಹೆಸರನ್ನು ಟಿಪ್ಪಣಿಗೆ ಹಾಕಿ ಪ್ಲೇಲಿಸ್ಟ್ ಕಟ್ಟಿಕೊಳ್ಳುವುದೇ ದಾರಿ. ಇನ್ನು ‘ಗಂಧದ ಗುಡಿ’. ರಾಜ್ ಅವರ 1973ರ ಚಿತ್ರಕ್ಕೆ ಸಂಗೀತ ರಾಜನ್-ನಾಗೇಂದ್ರ. 2022ರ ಪುನೀತ್ ಅವರ ಚಿತ್ರಕ್ಕೆ ಅಜನೀಶ್ ಲೋಕನಾಥ್. ಆಲ್ಬಂ ಹೆಸರಷ್ಟನ್ನೇ ನೋಡುವ ಪ್ಲೇಯರ್ ತಂದೆ-ಮಗನ ಎರಡೂ ಚಿತ್ರವನ್ನು ಒಂದೇ ಕಟ್ಟಿಗೆ ಕಟ್ಟುತ್ತದೆ. ಹೆಸರಿನ ಜೊತೆ ಇಸವಿ ಬರೆದರೆ ಗೊಂದಲ ಮುಗಿಯಿತು. ಒಂದೇ ಚಿತ್ರಕ್ಕೆ ನಾಲ್ವರು ಹಾಡಿದ್ದರೆ ಅದು ನಾಲ್ಕು ಚೂರಾಗುವುದೂ ಉಂಟು. ‘ಆಲ್ಬಂ ಆರ್ಟಿಸ್ಟ್’ ಮನೆಯಲ್ಲಿ ಎಲ್ಲ ಹಾಡಿಗೂ ಸಂಗೀತ ನಿರ್ದೇಶಕರ ಹೆಸರು ಹಾಕಿದರೆ ಚೂರುಗಳು ಕೂಡಿಕೊಳ್ಳುತ್ತವೆ.

ಭಾವಗೀತೆಗೆ ಬಂದರೆ ನಷ್ಟ ಇನ್ನೂ ದೊಡ್ಡದು. 1978ರ ‘ನಿತ್ಯೋತ್ಸವ’ ಧ್ವನಿಸುರುಳಿಯನ್ನು ನಿಸಾರ್ ಅಹಮದ್ ಅವರಿಲ್ಲದೆ, ಮೈಸೂರು ಅನಂತಸ್ವಾಮಿ ಅವರಿಲ್ಲದೆ ಹೇಗೆ ಗುರುತಿಸುವುದು? ಕವಿತೆಯನ್ನು ಹಾಡಾಗಿಸುವುದೇ ಕನ್ನಡದ ಸುಗಮ ಸಂಗೀತದ ಹೆಚ್ಚುಗಾರಿಕೆ. ಬೇಂದ್ರೆ, ಕೆ.ಎಸ್. ನರಸಿಂಹಸ್ವಾಮಿ, ಶಿಶುನಾಳ ಶರೀಫರು ಸಿ. ಅಶ್ವತ್ಥ್ ಒಬ್ಬರದೇ ಕೈಯಲ್ಲಿ ಮೂರು ಬಗೆಯಾಗಿ ಕೇಳಿಸುವುದನ್ನು ಗಮನಿಸಬೇಕಾದರೆ ಕವಿವಾರು ಹಾಡುಗಳು ಕೈಗೆ ಸಿಗಬೇಕು. ಆಕಾಶವಾಣಿಯ ಉದ್ಘೋಷಕರು ಸಾಹಿತ್ಯ ಯಾರದು, ಸಂಗೀತ ಯಾರದು ಎಂದು ಹೇಳಿಯೇ ಹಾಡು ಹಾಕುವ ರೂಢಿ ಇಟ್ಟುಕೊಂಡಿದ್ದರು. ಕ್ಯಾಸೆಟ್ಟಿನ ಹೊದಿಕೆಯ ಮೇಲೂ ಅವು ಅಚ್ಚಾಗುತ್ತಿದ್ದವು. ಕಡತವಾಗುವ ದಾರಿಯಲ್ಲಿ ಕವಿ ಉದುರಿಹೋದ. ಇದಕ್ಕೊಂದು ಉಪಾಯವಿದೆ, ತುಸು ಅಡ್ಡದಾರಿಯದು. ಟ್ಯಾಗಿನ ಎರಡನೆಯ ಆವೃತ್ತಿಯಲ್ಲಿ ‘ಜಾನರ್’ ಎಂಬ ಪ್ರಕಾರದ ಮನೆಗೆ ನಮಗೆ ಬೇಕಾದ ಪದ ಬರೆಯಬಹುದು, ಅದರ ಪಟ್ಟಿಯನ್ನು ಹೆಚ್ಚಿನ ಪ್ಲೇಯರ್‌ಗಳು ತೋರಿಸುತ್ತವೆ. ಅಲ್ಲಿ ‘ಭಾವಗೀತೆ – ಬೇಂದ್ರೆ’ ಎಂದು ಬರೆಯಲಿ. ಶಾಸ್ತ್ರೀಯಕ್ಕೆ ರಾಗವನ್ನೇ ಬರೆಯಲಿ. ಕಾಪಿ ಎಂಬ ಹೆಸರಿನಡಿ ಪುರಂದರದಾಸರ ‘ಜಗದೋದ್ಧಾರನ’ವೂ ಬೇರೆ ಕೃತಿಗಳೂ ಒಟ್ಟಿಗೆ ನಿಂತಾಗ ರಾಗದ ಮುಖ ಕಿವಿಗೆ ತಾನಾಗಿ ಪರಿಚಯವಾಗುತ್ತದೆ. ಶಿಸ್ತಿನವರು ಇದನ್ನು ಒಪ್ಪಲಾರರು, ಆದರೂ ಕೆಲಸ ನಡೆಯುತ್ತದೆ.

ಎಲ್ಲವೂ ಸ್ಟ್ರೀಮಿಂಗ್ ಆ್ಯಪ್‌ನಲ್ಲಿ ಇರುವಾಗ ಈ ಗುಮಾಸ್ತಗಿರಿ ಯಾಕೆ ಎನ್ನುವವರಿದ್ದಾರೆ. ಹುಡುಕುವ ಯಂತ್ರ ಹುಡುಕುವುದು ಯಾರೋ ಬರೆದುಕೊಟ್ಟದ್ದನ್ನೇ. ಅಲ್ಲಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಇಂಗ್ಲಿಷ್ ಕಾಗುಣಿತ ಬದಲಾದಂತೆಲ್ಲ ಬೇರೆ ಬೇರೆ ಗಾಯಕರಾಗುತ್ತಾರೆ. ಹಕ್ಕುದಾರರೊಂದಿಗಿನ ಕರಾರು ಮುಗಿದರೆ ಹಾಡೇ ಮಾಯ. ‘ಫೋಲ್ಡರ್ ಮಾಡಿಟ್ಟರೆ ಸಾಕು’ ಎಂಬ ಮಾತಿನಲ್ಲಿ ಹೆಚ್ಚು ಹುರುಳಿದೆ: ಅಗ್ಗದ ಎಷ್ಟೋ ಪ್ಲೇಯರ್‌ಗಳು ಟ್ಯಾಗನ್ನು ಓದುವುದೇ ಇಲ್ಲ, ಕಾರ್ಡಿಗೆ ಕಾಪಿ ಮಾಡಿದ ಕ್ರಮದಲ್ಲೇ ಹಾಡುತ್ತವೆ. ಅಂಥದ್ದಕ್ಕೆ ಕಡತದ ಹೆಸರಿನ ಮೊದಲಿಗೆ 01, 02 ಎಂದು ಸೊನ್ನೆ ಸೇರಿಸಿ ಬರೆದು, ಅದೇ ಕ್ರಮದಲ್ಲಿ ಕಾಪಿ ಮಾಡಬೇಕು. ಸೊನ್ನೆ ಬಿಟ್ಟರೆ 10 ಬಂದು 2ರ ಮುಂದೆ ಕೂರುತ್ತದೆ. ಆದರೆ ಒಂದು ಕಡತ ಒಂದೇ ಫೋಲ್ಡರಿನಲ್ಲಿರಲು ಸಾಧ್ಯ, ಒಂದು ಹಾಡಿಗೆ ಮೂವರು ಒಡೆಯರು. ಫೋಲ್ಡರ್ ಬದಲಾದರೆ ಗುರುತು ಹೋಯಿತು. ಟ್ಯಾಗ್ ಕಡತದೊಳಗೇ ಇದ್ದು ಅದು ಹೋದಲ್ಲಿಗೆ ಹೋಗುತ್ತದೆ.

ಯಾವ ಲಿಪಿಯಲ್ಲಿ ಬರೆಯುವುದು ಎಂಬ ಪ್ರಶ್ನೆಗೆ ನನ್ನ ಉತ್ತರ ಕನ್ನಡ ಎಂದೇ. ಕೆಲವು ಪ್ಲೇಯರ್‌ಗಳ ತೆರೆಯಲ್ಲಿ ಕನ್ನಡ ಬರೀ ಚೌಕಗಳಾಗಿಯೋ ಒತ್ತಕ್ಷರ ಕಳಚಿಕೊಂಡೋ ಬರುತ್ತದೆ, ನಿಜ. ಅಂಥ ಪ್ಲೇಯರ್‌ಗೆ ಇಂಗ್ಲಿಷ್ ಅಕ್ಷರದ ಪ್ರತಿಯೊಂದನ್ನು ಬೇರೆಯಾಗಿ ಮಾಡಿಕೊಳ್ಳಲಿ, ಮೂಲವನ್ನು ಕೆಡಿಸುವುದು ಬೇಡ. ‘ಎಂಪಿ3ಟ್ಯಾಗ್’ನಂಥ ತಂತ್ರಾಂಶದಲ್ಲಿ ಇಡೀ ಚಿತ್ರದ ಹಾಡುಗಳನ್ನು ಒಟ್ಟಿಗೆ ಆರಿಸಿ ಸಂಗೀತ ನಿರ್ದೇಶಕರ ಹೆಸರನ್ನು ಒಂದೇ ಸಲಕ್ಕೆ ತುಂಬಬಹುದು. ನಿಧಾನವಾಗುವುದು ಗೀತೆ ಬರೆದವರು ಯಾರೆಂದು ಪತ್ತೆಮಾಡುವಾಗ. ಅದಕ್ಕೆ ಅಟ್ಟದ ಮೇಲಿನ ಹಳೆಯ ಕ್ಯಾಸೆಟ್ ಡಬ್ಬಿಗಳನ್ನು ಗುಜರಿಗೆ ಹಾಕುವ ಮೊದಲು ಇಳಿಸಿ ನೋಡಬೇಕು.