ಕೆರೆಗೆ ಬರುವ ನಗರದ ನೀರು ಸೋಸಿ ಬರಲಿ

ಬೆಂಗಳೂರಿನ ಸಹಕಾರನಗರ, ಹೆಬ್ಬಾಳ, ನಾಗವಾರದ ಸುತ್ತಿನ ಬಡಾವಣೆಗಳಲ್ಲಿ ಪಾತ್ರೆ ತೊಳೆದ, ಬಟ್ಟೆ ಒಗೆದ ನೀರು ಇಂದು ಚರಂಡಿಯಲ್ಲೇ ಮುಗಿಯುವುದಿಲ್ಲ. ಹೆಬ್ಬಾಳ-ನಾಗವಾರ ಕಣಿವೆ ಯೋಜನೆಯಲ್ಲಿ ಇಲ್ಲಿನ ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧೀಕರಿಸಿ ಬೆಂಗಳೂರು ನಗರ, ಗ್ರಾಮಾಂತರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳ ಕೆರೆಗಳಿಗೆ ಹಾಯಿಸಲಾಗುತ್ತದೆ. ದಿನಕ್ಕೆ 21 ಕೋಟಿ ಲೀಟರ್ ನೀರು, 65 ಕೆರೆಗಳು. ಇದು ಯೋಜನೆಯ ಗುರಿ. ಕೋಲಾರದ ಕೆರೆಗಳಿಗೆ ಕೋರಮಂಗಲ-ಚಲ್ಲಘಟ್ಟ ಕಣಿವೆಯ ನೀರು 2018ರಲ್ಲೇ ಹರಿಯತೊಡಗಿತು.

ಬತ್ತಿದ ಕೊಳವೆಬಾವಿಯಲ್ಲಿ ಮತ್ತೆ ನೀರು ಕಂಡ ರೈತರಿಗೆ ಇದರ ಬೆಲೆ ಗೊತ್ತು. ಈ ನೀರು ಬೇಡವೆಂಬುದು ನಮ್ಮ ವಾದವಲ್ಲ. ಆದರೆ ಇಂದು ಕೆರೆಯಲ್ಲಿ ಇಂಗಿದ ನೀರೇ ನಾಳೆ ಮನೆಯ ಬಿಂದಿಗೆಗೆ ಬರುತ್ತದೆ. ಅದರೊಡನೆ ಏನೇನು ಬರುತ್ತಿದೆ ಎಂದು ಕೇಳುವುದು ನಮ್ಮ ಹಕ್ಕು.

ಹಾಗೆ ಕೇಳಬೇಕಾದವುಗಳಲ್ಲಿ ಪಿ.ಎಫ್.ಎ.ಎಸ್. ಎಂಬ ರಾಸಾಯನಿಕಗಳ ಗುಂಪೂ ಒಂದು. ಅಂಟದ ತವಾ, ಕಲೆ ಹಿಡಿಯದ ಬಟ್ಟೆ, ಎಣ್ಣೆ ಹೀರದ ಕಾಗದ, ಬೆಂಕಿ ಆರಿಸುವ ನೊರೆ, ಲೋಹಕ್ಕೆ ಲೇಪ ಕೊಡುವ ಕಾರ್ಖಾನೆ, ಎಲ್ಲೆಡೆ ಇವುಗಳ ಬಳಕೆಯುಂಟು. ಇಂಗಾಲ ಮತ್ತು ಫ್ಲೋರಿನ್‌ಗಳ ಬೆಸುಗೆ ಬಲು ಗಟ್ಟಿ. ಬಿಸಿಲು, ಮಣ್ಣು, ಸೂಕ್ಷ್ಮಜೀವಿಗಳು ಅದನ್ನು ಸುಲಭವಾಗಿ ಮುರಿಯಲಾರವು. ಈ ಗುಂಪಿನ ಪಿ.ಎಫ್.ಒ.ಎ. ಮನುಷ್ಯರಲ್ಲಿ ಕ್ಯಾನ್ಸರ್‌ಕಾರಕವೆಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2023ರಲ್ಲಿ ವರ್ಗೀಕರಿಸಿತು. ಅಮೆರಿಕ 2024ರಲ್ಲಿ ಕುಡಿಯುವ ನೀರಿನಲ್ಲಿ ಅದಕ್ಕೆ ಲೀಟರಿಗೆ 4 ನ್ಯಾನೋಗ್ರಾಂ ಮಿತಿ ವಿಧಿಸಿತು. ಅಂದರೆ 25 ಕೋಟಿ ಲೀಟರ್ ನೀರಿಗೆ ಒಂದೇ ಗ್ರಾಂ! ಇದು ನಮ್ಮ ಕೆರೆಗಳಿಗೆ ದಿನವೊಂದಕ್ಕೆ ಬರಬೇಕಾದ ನೀರಿಗಿಂತಲೂ ಹೆಚ್ಚು. ನಮ್ಮ ಕುಡಿಯುವ ನೀರಿನ ಮಾನಕ ಐ.ಎಸ್. 10500, 2012ರಲ್ಲಿ ಹೊರಬಂದಾಗ ಇವುಗಳಿಗೆ ಮಿತಿಯನ್ನೇ ಹೇಳಲಿಲ್ಲ.

ಬಾಗೇಪಲ್ಲಿ, ಪಾವಗಡದ ರೈತರಿಗೆ ಫ್ಲೋರೈಡ್ ಹಳೆಯ ಶತ್ರು. ಇದು ಅದಲ್ಲ. ಫ್ಲೋರೈಡ್ ಕಲ್ಲಿನಿಂದ ಬರುತ್ತದೆ, ಇದು ಮನುಷ್ಯ ಮಾಡಿದ್ದು. ಫ್ಲೋರೈಡ್ ಪರೀಕ್ಷೆಯಲ್ಲಿ ಇದು ಕಾಣದು. ಫ್ಲೋರೈಡಿಗೆ ಬಳಸುವ ಪಟಿಕ-ಸುಣ್ಣದ ವಿಧಾನಕ್ಕೂ ಬಗ್ಗದು. ಕುದಿಸಿದರೆ ನೀರು ಆವಿಯಾಗಿ ಹೋಗುತ್ತದೆ, ಇದು ಪಾತ್ರೆಯಲ್ಲೇ ಉಳಿಯುತ್ತದೆ. ಬಟ್ಟೆಯಲ್ಲಿ ಸೋಸುವುದು, ಕ್ಲೋರಿನ್ ಹಾಕುವುದು ಇದಕ್ಕೆ ನಿರುಪಯುಕ್ತ.

ತೆಗೆಯುವ ದಾರಿ ಇಲ್ಲವೆಂದಲ್ಲ. ಹರಳು ರೂಪದ ಕ್ರಿಯಾಶೀಲ ಇದ್ದಿಲು, ಅಯಾನು ವಿನಿಮಯ ರಾಳ ಮತ್ತು ಆರ್.ಓ. ಪೊರೆ, ಈ ಮೂರೂ ಕೆಲಸ ಮಾಡುತ್ತವೆ. ಹಾಗಾದರೆ ಊರಿನ ಆರ್.ಓ. ಘಟಕವೇ ಸಾಲದೇ? ಸಾಲದು. ಪೊರೆ ಇವುಗಳನ್ನು ನಾಶ ಮಾಡುವುದಿಲ್ಲ, ಬೇರ್ಪಡಿಸುತ್ತದೆ ಅಷ್ಟೆ. ಘಟಕದಿಂದ ಹೊರಬಿಟ್ಟ ನೀರು ಚರಂಡಿ ಸೇರಿ, ಇಂಗಿ, ಮತ್ತೆ ಅದೇ ಕೊಳವೆಬಾವಿಗೆ ಬರುತ್ತದೆ. ಸವೆದ ಇದ್ದಿಲನ್ನು ತಿಪ್ಪೆಗೆ ಎಸೆದರೂ ಕಥೆ ಅಷ್ಟೇ.

ಆದುದರಿಂದ ನಗರದ ಕೊಳೆಯನ್ನು ಹಳ್ಳಿಯ ಅಡಿಗೆಮನೆಯಲ್ಲಿ ಸೋಸುವುದು ನ್ಯಾಯವೂ ಅಲ್ಲ, ಜಾಣತನವೂ ಅಲ್ಲ. ಲೇಪದ ಕಾರ್ಖಾನೆಯ ನೀರು ಒಳಚರಂಡಿ ಸೇರುವ ಮೊದಲೇ ತಡೆಯಬೇಕು. ಉಳಿದುದನ್ನು ನಗರದ ಶುದ್ಧೀಕರಣ ಘಟಕದಲ್ಲಿ ಹಿಡಿಯಬೇಕು. ಮೂರನೆಯ ಹಂತದ ಶುದ್ಧೀಕರಣ ಬೇಕೆಂದು ಕೇಳುವಾಗ, ಬರೀ ಮರಳಿನ ಸೋಸುಗಕ್ಕೆ ಒಪ್ಪದೆ ಇದ್ದಿಲಿನ ಹಾಸೂ ಇರಲೆಂದು ಸ್ಪಷ್ಟವಾಗಿ ಕೇಳಬೇಕು. ಖರ್ಚು ಹೆಚ್ಚು ನಿಜ. ಆದರೆ ಒಮ್ಮೆ ಅಂತರ್ಜಲ ಕೆಟ್ಟರೆ ಅದನ್ನು ಸರಿಪಡಿಸುವ ಖರ್ಚು ಅದಕ್ಕೂ ಹೆಚ್ಚು.

ಕೆರೆ ತುಂಬಿಸಿಕೊಳ್ಳುವ ಊರಿನವರು ಗ್ರಾಮಸಭೆಯಲ್ಲಿ ನಿರ್ಣಯ ಮಾಡಿ, ಸಣ್ಣ ನೀರಾವರಿ ಇಲಾಖೆಗೂ ಬೆಂಗಳೂರು ಜಲಮಂಡಳಿಗೂ ಬರೆಯಲಿ. ಕೆರೆಯ ಮತ್ತು ಕುಡಿಯುವ ಕೊಳವೆಬಾವಿಯ ನೀರನ್ನು ಈ ರಾಸಾಯನಿಕಗಳಿಗಾಗಿ ಪರೀಕ್ಷಿಸಿ, ಫಲಿತಾಂಶವನ್ನು ಪಂಚಾಯತಿಯ ಗೋಡೆಯ ಮೇಲೆ ಕನ್ನಡದಲ್ಲಿ ಬರೆಸುವಂತೆ ಒತ್ತಾಯಿಸಲಿ. ಬೀಜ ಕೊಳ್ಳುವಾಗ ಚೀಟಿ ಓದಿ ಕೊಳ್ಳುವ ರೈತ, ಕೆರೆಗೆ ಬರುವ ನೀರಿಗೂ ಚೀಟಿ ಕೇಳಿದರೆ ತಪ್ಪೇನು?