ಕೃತಿಕಾರರ ಪರಿಚಯ ಮತ್ತು ಪ್ರೀತಿಯ ಕಥೆ

ಬೋಧನಾಭ್ಯಾಸದ ಪಾಠಯೋಜನೆಗಳನ್ನು ನೋಡುವಾಗ ನನಗೆ ಸಿಗುವ ‘ಕೃತಿಕಾರರ ಪರಿಚಯ’ ಬಹುತೇಕ ಒಂದೇ ಅಚ್ಚಿನದು: ಹುಟ್ಟಿದ ಇಸವಿ, ಊರು, ಕೃತಿಗಳು, ಪ್ರಶಸ್ತಿಗಳು. ಕಪ್ಪುಹಲಗೆಯ ಮೇಲೆ ಬರೆದು, ಮಕ್ಕಳಿಂದ ಬರೆಸಿಕೊಂಡು ಪಾಠಕ್ಕೆ ಹೋಗುತ್ತಾರೆ. ಕಥೆಯಲ್ಲಿ ಪ್ರೀತಿಯ ಪ್ರಸಂಗ ಬಂದರಂತೂ ಬೇಗ ದಾಟಿಬಿಡುತ್ತಾರೆ. ಹಾಗೆ ದಾಟಬೇಕಿಲ್ಲ. ಲೇಖಕಿಯ ಬದುಕಿನ ಜೊತೆಗಿಟ್ಟು ಓದಿಸಿದರೆ ಪ್ರೀತಿಯ ಕಥೆ ಸ್ವಾತಂತ್ರ್ಯದ ಪಾಠವಾಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಇಂಥ ಕಥೆಯಲ್ಲಿ ಇಬ್ಬರ ಒಲವಿಗಿಂತ ಅವರ ನಡುವೆ ನಿಲ್ಲುವ ತಡೆಯೇ ಹೆಚ್ಚು ಹೇಳುತ್ತದೆ. ಆ ತಡೆಯನ್ನು ಲೇಖಕಿ ತಾನು ಕಂಡ ಬದುಕಿನಿಂದ ತರುತ್ತಾಳೆ. ಸಾರಾ ಅಬೂಬಕ್ಕರ್ 1936ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿದರು. ಮನೆಮಾತು ಮಲಯಾಳಂ, ಶಾಲೆಯಲ್ಲಿ ಕಲಿತದ್ದು ಕನ್ನಡ. ಅವರ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯ ನಾದಿರಾ ಗಂಡನನ್ನು ಪ್ರೀತಿಸುವವಳು. ಅವಳ ತಂದೆಯ ಹಟ ಇಬ್ಬರನ್ನೂ ತಲಾಖ್‌ವರೆಗೆ ತಳ್ಳುತ್ತದೆ. ಮತ್ತೆ ಒಂದಾಗಲು ಹೊರಟಾಗ ಎದುರಾಗುವ ನಿಯಮ ಅವಳ ಜೀವವನ್ನೇ ತೆಗೆಯುತ್ತದೆ. ಮನಃಶಾಸ್ತ್ರ ಓದಿದ್ದ ತ್ರಿವೇಣಿಯವರ ‘ಶರಪಂಜರ’ದಲ್ಲಿ ತಡೆ ಬೇರೆಯದು. ಮಾನಸಿಕ ಕಾಯಿಲೆಯಿಂದ ಗುಣವಾಗಿ ಬಂದ ಕಾವೇರಿಯನ್ನು ಮೆಚ್ಚಿ ಮದುವೆಯಾದ ಗಂಡನೇ ಹತ್ತಿರ ಸೇರಿಸುವುದಿಲ್ಲ.

ಹಾಗೆಂದು ಕಥೆಯನ್ನು ಆತ್ಮಕಥೆಯಾಗಿ ಓದಿಸಬಾರದು. ತ್ರಿವೇಣಿ 1963ರಲ್ಲಿ ಹೆರಿಗೆಯ ನಂತರ, ಮೂವತ್ತೈದು ತುಂಬುವ ಮೊದಲೇ ತೀರಿಕೊಂಡರು. ಆ ಸಾವನ್ನು ಕಾವೇರಿಯ ಕಥೆಗೆ ಗಂಟು ಹಾಕಿದರೆ ಅವರ ಓದು, ಆಲೋಚನೆ ಎರಡನ್ನೂ ಮರೆಸಿದಂತೆ. ತೀರ್ಥಹಳ್ಳಿಯಲ್ಲಿ ಹುಟ್ಟಿದ ಎಂ.ಕೆ. ಇಂದಿರಾ ಅವರಿಗೆ ಚಿಕ್ಕ ವಯಸ್ಸಿನಲ್ಲೇ ಮದುವೆಯಾಯಿತು, ಶಾಲೆ ನಿಂತಿತು. ಮೊದಲ ಕಾದಂಬರಿ ‘ತುಂಗಭದ್ರಾ’ 1963ರಲ್ಲಿ ಬಂದಾಗ ನಲವತ್ತೈದು ದಾಟಿತ್ತು. ಆದರೆ ‘ಫಣಿಯಮ್ಮ’ನ ಬಾಲವಿಧವೆಯಾಗಲಿ, ‘ಗೆಜ್ಜೆಪೂಜೆ’ಯಲ್ಲಿ ಮದುವೆಯ ಬಾಳನ್ನು ಬಯಸುವ ಚಂದ್ರಾ ಆಗಲಿ ಇಂದಿರಾ ಅಲ್ಲ. ಬೇರೆಯವರ ಬಾಳನ್ನು ಕಿವಿಗೊಟ್ಟು ಕೇಳಿ ಬರೆಯುವುದೂ ಲೇಖಕಿಯ ಸ್ವಾತಂತ್ರ್ಯವೇ.

ಇದು ನಮ್ಮ ಅಭ್ಯಾಸ ಶಾಲೆಗಳಿಗೆ ಏಕೆ ಮುಖ್ಯ? ಚನ್ನಗಿರಿಯ ಅಡಿಕೆ ತೋಟದ ಮನೆಯಿಂದ, ತುಂಗಭದ್ರೆಯ ದಡದ ಹೊನ್ನಾಳಿಯಿಂದ, ನ್ಯಾಮತಿಯ ತಾಂಡಾದಿಂದ, ಮಳೆಯನ್ನೇ ನಂಬಿದ ಜಗಳೂರಿನ ಹಳ್ಳಿಯಿಂದ ಬರುವ ಮಕ್ಕಳ ಮನೆಮಾತು, ಆಚಾರ, ಮದುವೆಯ ಕಟ್ಟುಪಾಡು ಒಂದೇ ಅಲ್ಲ. ಮನೆಯಲ್ಲಿ ಲಂಬಾಣಿ ಅಥವಾ ಉರ್ದು ಆಡುವ ಮಗುವಿಗೆ ಸಾರಾ ಅವರ ಮನೆಮಾತು ಯಾವುದೆಂದು ತಿಳಿದರೆ, ಕನ್ನಡದಲ್ಲಿ ಬರೆಯುವ ಹಕ್ಕು ತನಗೂ ಇದೆ ಎನ್ನಿಸುತ್ತದೆ. ಎಸ್‌ಎಸ್‌ಎಲ್‌ಸಿ ಮುಗಿಯುವ ಮೊದಲೇ ಮನೆಯಲ್ಲಿ ಮದುವೆಯ ಮಾತು ಕೇಳುತ್ತಿರುವ ಹುಡುಗಿಗೆ, ಇಂದಿರಾ ಅವರ ಶಾಲೆ ಏಕೆ ನಿಂತಿತು ಎಂಬುದು ಪ್ರಶಸ್ತಿಗಳ ಪಟ್ಟಿಗಿಂತ ಹತ್ತಿರದ ಸಂಗತಿ.

‘ಪ್ರೀತಿಯ ಪಾಠ ಮಾಡಿದರೆ ಪೋಷಕರು ಏನೆನ್ನುತ್ತಾರೋ’ ಎಂಬ ಪ್ರಶಿಕ್ಷಣಾರ್ಥಿಗಳ ಅಳುಕು ಸಹಜ. ಅದಕ್ಕೆ ನನ್ನ ಸಲಹೆ ಇಷ್ಟೇ. ಇಡೀ ಕಾದಂಬರಿ ಬೇಡ, ವಯಸ್ಸಿಗೆ ತಕ್ಕ ಒಂದು ಭಾಗ ಆರಿಸಿ, ಮಾರ್ಗದರ್ಶಕ ಶಿಕ್ಷಕರಿಗೆ ಮೊದಲೇ ತೋರಿಸಿ. ಪರಿಚಯವನ್ನು ಪೀಠಿಕೆಯಲ್ಲಿ ಮುಗಿಸದೆ ವಾಚನದ ನಂತರ ಇಡಿ, ಆ ಭಾಗಕ್ಕೆ ತಾಗುವ ಒಂದೇ ಸಂಗತಿಯನ್ನು ಹೇಳಿ. ಆಮೇಲೆ ಮೂರು ಪ್ರಶ್ನೆ ಕೇಳಿ: ಇಲ್ಲಿ ಅಡ್ಡ ಬಂದದ್ದು ಏನು? ಅದನ್ನು ತಂದಿಟ್ಟವರು ಯಾರು? ತೆಗೆಯಲು ಯಾರಿಂದ ಸಾಧ್ಯವಿತ್ತು? ‘ನಿಮ್ಮ ಮನೆಯಲ್ಲೂ ಹೀಗೇನಾ?’ ಎಂದು ಮಾತ್ರ ಎಂದಿಗೂ ಕೇಳಬೇಡಿ. ಪಾತ್ರದ ಬಗ್ಗೆ ಮಾತಾಡುವಾಗ ಮಗು ತನ್ನ ಗುಟ್ಟನ್ನು ತನ್ನಲ್ಲೇ ಇಟ್ಟುಕೊಂಡು ಯೋಚಿಸಬಹುದು. ಒಂದೇ ತರಗತಿಯಲ್ಲಿ ಬೇರೆ ಬೇರೆ ಮನೆಗಳ ಮಕ್ಕಳು ಕೂತಿರುವಾಗ ಶಿಕ್ಷಕರು ಕಾಯಬೇಕಾದ ಸ್ವಾತಂತ್ರ್ಯ ಅದು.

ಇಸವಿಗಳು ಪರೀಕ್ಷೆಗೆ ಬೇಕು, ಇರಲಿ. ಅವುಗಳ ಪಕ್ಕದಲ್ಲಿ ಬದುಕಿನ ಒಂದು ಸಾಲಿಗೂ ಪಾಠಯೋಜನೆಯಲ್ಲಿ ಜಾಗ ಮಾಡೋಣ.